ಚಾರ್ಟಿನ ಮೇಲೆ ಕನ್ನಡದ ಹೆಸರು: ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಜಿಜಿಪ್ಲಾಟ್2

2011ರ ಜನಗಣತಿಯ ಪ್ರಕಾರ ಕರ್ನಾಟಕದ 30 ಜಿಲ್ಲೆಗಳ ಸಾಕ್ಷರತೆ ಮತ್ತು ಲಿಂಗಾನುಪಾತವನ್ನು ಒಂದೇ ಚುಕ್ಕಿ ಚಾರ್ಟಿನಲ್ಲಿ ತೋರಿಸಿ, ಪ್ರತಿ ಚುಕ್ಕಿಯ ಬಳಿಯೂ ಜಿಲ್ಲೆಯ ಹೆಸರನ್ನು ಕನ್ನಡದಲ್ಲೇ ಬರೆಯಬೇಕಿತ್ತು. ಚಾರ್ಟ್ ಬರೆಯುವ ಪ್ಯಾಕೇಜ್‌ಗಳಾದ ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಆರ್ ಭಾಷೆಯ ಜಿಜಿಪ್ಲಾಟ್2 ಎರಡರಲ್ಲೂ ಅದನ್ನು ಮಾಡಿ ನೋಡಿದೆ. ಲಿಂಗಾನುಪಾತ (ಸಾವಿರ ಗಂಡಸರಿಗೆ ಹೆಂಗಸರು) 1,094 ಇರುವ ಉಡುಪಿ, ಸಾಕ್ಷರತೆ ಶೇ. 51.83 ಇರುವ ಯಾದಗಿರಿ ಗುಂಪಿನಿಂದ ದೂರ ನಿಲ್ಲುತ್ತವೆ. ಕಷ್ಟವೆಲ್ಲ ನಡುವೆ ಒತ್ತೊತ್ತಾಗಿ ಸೇರಿದ ಜಿಲ್ಲೆಗಳದು.

ಮ್ಯಾಟ್‌ಪ್ಲಾಟ್‌ಲಿಬ್‌ನ ಆನೋಟೇಟ್ ಆದೇಶದಲ್ಲಿ ಹೆಸರನ್ನು ಚುಕ್ಕಿಯಿಂದ ಇಂತಿಷ್ಟು ಪಾಯಿಂಟ್ ದೂರವೆಂದು ಸರಿಸಬಹುದಾದ್ದರಿಂದ, ಅಕ್ಷದ ವ್ಯಾಪ್ತಿ ಬದಲಾದರೂ ಆ ಅಂತರ ಕೆಡುವುದಿಲ್ಲ. ಆದರೆ ಹೆಸರುಗಳು ಒಂದರ ಮೇಲೊಂದು ಬೀಳುವುದನ್ನು ಅದು ತಡೆಯದು. ಅದಕ್ಕೆ ಅಡ್ಜಸ್ಟ್‌ಟೆಕ್ಸ್ಟ್ ಎಂಬ ಪ್ರತ್ಯೇಕ ಪ್ಯಾಕೇಜ್ ಬೇಕಾಯಿತು. ನಿಜವಾದ ತೊಡಕು ಅಕ್ಷರಗಳದ್ದು. ಮೊದಲಿಗೇ ಇರುವ ಡೇಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡವಿಲ್ಲದ ಕಾರಣ ಬರೀ ಚೌಕಗಳು ಮೂಡಿದವು. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಕೊಟ್ಟಾಗ ಅಕ್ಷರಗಳೇನೋ ಬಂದವು, ಆದರೆ ನಾನು ಬಳಸಿದ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿ ಅಕ್ಷರಗಳನ್ನು ಕೂಡಿಸುವ ಕೆಲಸವನ್ನೇ ಮಾಡದೆ ಒಂದರ ಪಕ್ಕ ಒಂದನ್ನಿಟ್ಟಿದ್ದರಿಂದ, ಚಿತ್ರದುರ್ಗದ ತ್ರ ಒಡೆಯಿತು, ಅರ್ಕಾವೊತ್ತು ಮಾಯವಾಯಿತು, ಚಿಕ್ಕಬಳ್ಳಾಪುರದ ಒತ್ತುಗಳು ಸಾಲಿಗೆ ಬಂದು ನಿಂತವು. ಇದನ್ನು ಸಣ್ಣ ದೋಷವೆಂದು ಬಿಡಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಊರಿನ ಹೆಸರನ್ನು ತಪ್ಪಾಗಿ ಬರೆದ ಚಾರ್ಟನ್ನು ಓದುಗರು ನಂಬುವುದು ಹೇಗೆ? ಎಂಪಿಎಲ್‌ಕೈರೊ ಎಂಬ ಬದಲಿ ಬ್ಯಾಕೆಂಡ್ (ಚಿತ್ರವನ್ನು ಮೂಡಿಸುವ ಭಾಗ) ಹಾಕಿದ ಮೇಲೆ ಒತ್ತಕ್ಷರಗಳು ಸರಿಯಾದವು, ಆದರೆ ಅದನ್ನು ಅಳವಡಿಸುವುದೇ ಬೇರೊಂದು ಕೆಲಸವಾಯಿತು.

ಜಿಜಿಪ್ಲಾಟ್2ರಲ್ಲಿ ಜಿಜಿರೆಪೆಲ್ ಎಂಬ ಪ್ಯಾಕೇಜ್ ಸೇರಿಸಿದರೆ ಹೆಸರುಗಳು ತಾವೇ ಪರಸ್ಪರ ದೂರ ಸರಿದು, ಅಗತ್ಯವಿದ್ದಲ್ಲಿ ಚುಕ್ಕಿಗೆ ಸಣ್ಣ ಗೆರೆ ಎಳೆದುಕೊಳ್ಳುತ್ತವೆ. ಚಿತ್ರವನ್ನು ರ್‍ಯಾಗ್ ಎಂಬ ಪ್ಯಾಕೇಜಿನ ಮೂಲಕ ಉಳಿಸಿದಾಗ, ಅದು ಬಳಸುವ ಅಕ್ಷರ ಜೋಡಣೆಯ ತಂತ್ರಾಂಶ ಹಾರ್ಫ್‌ಬಜ್ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಿತು. ಫಾಂಟಿನ ಹೆಸರು ಹೇಳಿದ್ದು ಬಿಟ್ಟರೆ ಬೇರೇನನ್ನೂ ಮಾಡಬೇಕಾಗಲಿಲ್ಲ. ಎಚ್ಚರ ಬೇಕಾದದ್ದು ಒಂದು ಕಡೆ: ಒಂದು ಹೆಸರು ಎಷ್ಟು ಇತರ ಗುರುತುಗಳ ಮೇಲೆ ಬೀಳಬಹುದೆಂಬ ಮ್ಯಾಕ್ಸ್ ಓವರ್‌ಲ್ಯಾಪ್ಸ್ ಮಿತಿ ತಾನಾಗಿ 10 ಇರುವುದರಿಂದ, ತೀರಾ ದಟ್ಟವಾದಲ್ಲಿ ಕೆಲವು ಹೆಸರುಗಳನ್ನು ಅದು ಕೈಬಿಡುತ್ತದೆ. ಅದನ್ನು ಇನ್ಫ್, ಅಂದರೆ ಮಿತಿಯೇ ಇಲ್ಲ, ಎಂದು ಬದಲಿಸಿದೆ. ಯಾದೃಚ್ಛಿಕ ಆಯ್ಕೆಯನ್ನು ಸ್ಥಿರವಾಗಿಡುವ ಸೀಡ್ ಸಂಖ್ಯೆ ಕೊಟ್ಟರೆ ಪ್ರತಿ ಬಾರಿಯೂ ಹೆಸರುಗಳು ಅದೇ ಜಾಗದಲ್ಲಿ ಬರುತ್ತವೆ.

ಕಂಬ ಚಾರ್ಟಿನ ಮೇಲೆ ಬರೀ ಅಂಕಿ ಬರೆಯುವುದಾದರೆ, 2021ರ 3.4 ಆವೃತ್ತಿಯಲ್ಲಿ ಬಂದ ಬಾರ್ ಲೇಬಲ್ ಎಂಬ ಆದೇಶದಿಂದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಒಂದೇ ಸಾಲು ಸಾಕು, ಅಲ್ಲಿ ನಾನು ಈಗಲೂ ಅದನ್ನೇ ಬಳಸುತ್ತೇನೆ. ಜಿಲ್ಲೆಯ ಹೆಸರುಗಳಿರುವ ಚುಕ್ಕಿ ಚಾರ್ಟಿಗೆ ಮಾತ್ರ ಆರ್ ಅನ್ನೇ ಆರಿಸಿಕೊಂಡಿದ್ದೇನೆ.