ಐದು ಪಾಸೋ, ಎರಡು ಪಾಸೋ: ಅಂಧೇರಿ ಫುಟ್‌ಬಾಲಿನ ಮನೆ ಲೆಕ್ಕ

ಒಂದೇ ಸಲ ದುಡ್ಡು ಕಟ್ಟಿ ಆ ವರ್ಷದ ತವರು ಪಂದ್ಯಗಳನ್ನು ನೋಡುವ ಸೀಸನ್ ಪಾಸ್ ತಗೊಂಡರೆ ಗಿಟ್ಟುತ್ತದಾ ಎಂದು ನಮ್ಮ ಬಿಲ್ಡಿಂಗಿನಲ್ಲಿ, ಸಂಘದ ಕಾರ್ಯಕ್ರಮಗಳಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಒಬ್ಬರೇ ಹೋಗುವವರಾದರೆ ಗಿಟ್ಟುತ್ತದೆ, ಅದರಲ್ಲಿ ಚರ್ಚೆಯಿಲ್ಲ. ಸಂಸಾರಸ್ಥರಿಗೆ ಅಷ್ಟು ಸುಲಭದಲ್ಲಿ ಹೇಳಲಾಗದು. ನಮ್ಮದು ಐದು ಜನರ ಮನೆ: ನಾನು, ನನ್ನ ಗಂಡ, ಎಂಟನೇ ಕ್ಲಾಸಿನ ಮಗ, ಎರಡನೇ ಕ್ಲಾಸಿನ ಮಗಳು, ಎಪ್ಪತ್ತು ದಾಟಿದ ಮಾವ. ಮುಂಬೈ ಸಿಟಿ ಫುಟ್‌ಬಾಲ್ ತಂಡದ ತವರು ಪಂದ್ಯಗಳಿಗೆ ಬೇರೆ ಬೇರೆ ವರ್ಷ ಬೇರೆ ಬೇರೆ ರೀತಿಯಲ್ಲಿ ಹೋಗಿದ್ದೇವೆ. ಒಮ್ಮೆ ಎಲ್ಲರಿಗೂ ಪಾಸ್, ಒಮ್ಮೆ ಗಂಡ ಹೆಂಡತಿಗೆ ಮಾತ್ರ, ಒಮ್ಮೆ ಮೂರು ಮನೆಯವರು ಸೇರಿ, ಮತ್ತೊಮ್ಮೆ ಪಾಸೇ ಬೇಡವೆಂದು ಪಂದ್ಯಕ್ಕೊಂದು ಟಿಕೆಟ್. ನಾಲ್ಕರಲ್ಲೂ ಕೊನೆಗೆ ತಲೆ ತಿಂದದ್ದು ಪಾಸಿನ ಬೆಲೆಯಲ್ಲ, ದುಡ್ಡು ಕೊಟ್ಟೂ ಯಾರೂ ಕೂರದೆ ಉಳಿದ ಸೀಟು.

ಮೊದಲು ಲೆಕ್ಕ. 2024–25ರಲ್ಲಿ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) 13 ತಂಡಗಳಿದ್ದವು, ಅಂದರೆ ಲೀಗ್ ಹಂತದಲ್ಲಿ ಒಂದೊಂದು ತಂಡಕ್ಕೆ 12 ತವರು ಪಂದ್ಯ. ಒಂದು ಟಿಕೆಟ್ 300 ರೂಪಾಯಿ, ಪಾಸ್ 2,400 ರೂಪಾಯಿ ಎಂದು ಸುಮ್ಮನೆ ಇಟ್ಟುಕೊಳ್ಳಿ. ಎಂಟು ಪಂದ್ಯದ ದುಡ್ಡಿಗೆ ಹನ್ನೆರಡು ಸಿಕ್ಕಿತು. ನಾಲ್ಕು ತಪ್ಪಿದರೂ ನಷ್ಟವಿಲ್ಲ, ಐದನೆಯದರಿಂದ ಕೈಯಿಂದ ಹೋಗುತ್ತದೆ. ಐದು ಪಾಸಿಗೆ ಒಟ್ಟು 60 ಸೀಟು, ಅದರಲ್ಲಿ 20 ಖಾಲಿ ಬಿಟ್ಟರೂ ಸರಿಸಮ. ಕಾಗದದ ಮೇಲೆ ಇದು ಧಾರಾಳವಾಗಿಯೇ ಕಾಣುತ್ತದೆ. ಆದರೆ ಈ 20ನ್ನು ನಮ್ಮಂಥ ಮನೆ ಎಷ್ಟು ಬೇಗ ಮುಗಿಸುತ್ತದೆ ಎಂದು ಕರಾವಳಿಯವರಿಗೆ ನಾನು ಹೇಳಬೇಕಿಲ್ಲ. ಆ ಸೀಸನ್ ಸೆಪ್ಟೆಂಬರಿನಲ್ಲಿ ಶುರುವಾಗಿ ವಸಂತದವರೆಗೆ ಎಳೆಯಿತು. ನವರಾತ್ರಿ, ದೀಪಾವಳಿ, ಊರಿನ ಕೋಲ, ನಾಗನ ಪೂಜೆ, ಮೇಳದ ಆಟ, ಚಳಿಗಾಲದ ಮದುವೆಗಳು, ಫೆಬ್ರವರಿ ಬಂತೆಂದರೆ ಪರೀಕ್ಷೆ, ಎಲ್ಲವೂ ಅದರೊಳಗೇ ಬಿದ್ದವು.

ಸಾಲದ್ದಕ್ಕೆ ವೇಳಾಪಟ್ಟಿಯನ್ನು ಎರಡು ಕಂತಿನಲ್ಲಿ ಬಿಟ್ಟರು. 2024–25ರಲ್ಲಿ ಮೊದಲು ಡಿಸೆಂಬರ್‌ವರೆಗಿನದು ಮಾತ್ರ ಬಂದಿತ್ತು. ಊರಿಗೆ ಹೋಗುವ ರೈಲು ಟಿಕೆಟ್ಟಿಗೆ 2024ರ ನವೆಂಬರಿನಿಂದ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಮತ್ಸ್ಯಗಂಧದಲ್ಲಿ ಜಾಗ ಬೇಕಾದವರು ಅದೇ ಬೆಳಿಗ್ಗೆ ಕೂತು ಮಾಡಬೇಕು. ಜನವರಿಯ ಕೋಲಕ್ಕೆ ಟಿಕೆಟ್ ಮಾಡುವಾಗ ಜನವರಿಯ ಪಂದ್ಯ ಯಾವ ದಿನವೆಂದು ನಮಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ನೋಡಿದರೆ ಐದೂ ಸೀಟು ಖಾಲಿ.

ಎಲ್ಲರಿಗೂ ಪಾಸ್ ಮಾಡಿಸಿದ ವರ್ಷದ ಸುಖವನ್ನೂ ಹೇಳಬೇಕು. ಐದು ಸೀಟು ಸಾಲಾಗಿ, ಪ್ರತಿ ಸಲ ಅದೇ ಜಾಗ, ಹಿಂದೆ ಅದೇ ಪಾರ್ಸಿ ದಂಪತಿ, ಮುಂದೆ ಅದೇ ಕಾಲೇಜು ಹುಡುಗರು. ಮಗಳಿಗೆ ಬಾತ್‌ರೂಮಿನ ದಾರಿ ಬಾಯಿಪಾಠ. ಅಂಧೇರಿಯ ಮೈದಾನ ಚಿಕ್ಕದು, ಏಳು ಸಾವಿರದ ಆಸುಪಾಸಿನ ಜನಕ್ಕೆ ಜಾಗ. ಗೋಲ್‌ಕೀಪರ್ ತನ್ನ ಹುಡುಗರಿಗೆ ಬಯ್ಯುವುದೂ ಕೇಳುತ್ತದೆ. ಮೆಟ್ರೋದಲ್ಲಿ ಆಜಾದ್ ನಗರ್ ಇಳಿದರೆ ನಡೆದೇ ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಅನುಕೂಲದ ಮೈದಾನ ನಾನು ಕಂಡಿಲ್ಲ. ಮೊದಲ ಎರಡು ವರ್ಷ, 2014 ಮತ್ತು 2015ರಲ್ಲಿ, ತಂಡ ನವಿ ಮುಂಬೈಯ ನೆರೂಲಿನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಆಡುತ್ತಿದ್ದಾಗ ಈ ಕಡೆಯವರು ಪಾಸಿನ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಕಷ್ಟ ಬರುವುದು ವಾರದ ನಡುವಿನ ಪಂದ್ಯಕ್ಕೆ. ಏಳೂವರೆಗೆ ಶುರುವಾದ ಆಟ ಮುಗಿಯುವಾಗ ಒಂಬತ್ತೂವರೆ. ಮಗಳು ಎರಡನೇ ಅರ್ಧಕ್ಕೆ ನನ್ನ ತೊಡೆಯ ಮೇಲೆ, ಮರುದಿನ ಬೆಳಿಗ್ಗೆ ಸ್ಕೂಲ್ ಬಸ್ಸು. ಅಂಥ ದಿನ ಅವಳ ಸೀಟನ್ನು ಪಕ್ಕದ ಮನೆಯ ಶೆಟ್ರಿಗೆ ಕೊಡೋಣವೆಂದರೆ ಮಕ್ಕಳ ರಿಯಾಯಿತಿ ಪಾಸಿನಲ್ಲಿ ದೊಡ್ಡವರು ಕೂರುವಂತಿಲ್ಲ. ಈ ನಿಯಮ ನ್ಯಾಯದ್ದೇ. ಇಲ್ಲದಿದ್ದರೆ ಮುಂಬೈಯ ಅರ್ಧ ಗಂಡಸರು ಎರಡನೇ ಕ್ಲಾಸಿನ ಮಗುವಿನ ಪಾಸಿನಲ್ಲಿ ಒಳಗೆ ಬರುತ್ತಿದ್ದರು. ಇಂಗ್ಲೆಂಡಿನ ಅನೇಕ ಕ್ಲಬ್ಬುಗಳಲ್ಲಿ ವ್ಯತ್ಯಾಸದ ಹಣ ಕಟ್ಟಿ ಆ ಒಂದು ಪಂದ್ಯದ ಮಟ್ಟಿಗೆ ಮಗುವಿನ ಸೀಟನ್ನು ದೊಡ್ಡವರದ್ದಾಗಿ ಬದಲಾಯಿಸಿಕೊಳ್ಳಬಹುದು. ಆ ದಾರಿ ಇಲ್ಲದ ಕಡೆ ರಿಯಾಯಿತಿಯಲ್ಲಿ ಉಳಿಸಿದ ದುಡ್ಡು ಖಾಲಿ ಸೀಟಿನಲ್ಲಿ ಹೋಗುತ್ತದೆ. ಹಾಗಾಗಿ ಚಿಕ್ಕ ಮಕ್ಕಳಿಗೆ ಸೀಸನ್ ಪಾಸ್ ಬೇಡ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಹನ್ನೆರಡು ದಾಟಿ ತಾನಾಗಿ ತಂಡದ ಹೆಸರು ಹೇಳುವ ಮಗುವಾದರೆ ಬೇರೆ ಮಾತು.

ಮಾವನದ್ದು ಇನ್ನೊಂದು ತರಹ. ಅವರು ಮುಂಬೈಯ ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್ ಎಂಬ ಹಳೆಯ ಫುಟ್‌ಬಾಲ್ ಪಂದ್ಯಾವಳಿ ನೋಡಿ ಬೆಳೆದವರು. ಮಫತ್‌ಲಾಲ್, ಟಾಟಾ, ಮಹೀಂದ್ರಾ ಎಂದು ಕಂಪನಿಗಳ ತಂಡಗಳ ಕಥೆ ಶುರು ಮಾಡಿದರೆ ಹಾಫ್‌ಟೈಮ್ ಮುಗಿದರೂ ನಿಲ್ಲದು. ಅವರ ಹತ್ತಿರ ಇರುವುದು ಬಟನ್ ಫೋನು. ಪಾಸಿನ ಕ್ಯೂಆರ್ ಕೋಡ್ ನನ್ನ ಫೋನಿನಲ್ಲಿ. ಗೇಟಿನಲ್ಲಿ ಐದು ಕೋಡನ್ನು ಒಂದೇ ಫೋನಿನಿಂದ ತೋರಿಸುವುದೆಂದರೆ ಒಂದು ಸ್ಕ್ಯಾನ್ ಆದ ಮೇಲೆ ಬೆರಳಿನಿಂದ ಸರಿಸಿ ಮುಂದಿನದನ್ನು ತೆರೆಯಬೇಕು, ಅಷ್ಟರಲ್ಲಿ ಫೋನಿನ ಬೆಳಕು ಆರುತ್ತದೆ, ಹಿಂದಿನ ಸಾಲಿನವರು ‘ಚಲೋ ಚಲೋ’ ಅನ್ನುತ್ತಾರೆ, ಮಗಳು ಆಗಲೇ ಒಳಗೆ, ಮಾವ ಇನ್ನೂ ಹೊರಗೆ. ಈಗ ಮನೆಯಿಂದ ಹೊರಡುವ ಮೊದಲೇ ಅವರ ಕೋಡನ್ನು ಪ್ರಿಂಟ್ ತೆಗೆದು ಜೇಬಿಗೆ ಹಾಕುತ್ತೇನೆ. ಪ್ರಿಂಟ್ ನಡೆಯುವುದಿಲ್ಲ, ಆ್ಯಪೇ ತೆರೆದು ತೋರಿಸಬೇಕು ಎಂಬ ಷರತ್ತು ಇದೆಯೇ ಎಂದು ವಯಸ್ಸಾದವರಿರುವ ಮನೆಯವರು ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಬೇಕು.

ಎರಡೇ ಪಾಸಿನ ವರ್ಷ ನಮಗೆ ಹೆಚ್ಚು ಹೊಂದಿತು. ಪಾಸ್ ಎರಡೂ ದೊಡ್ಡವರದ್ದು, ಕೂರುವವರು ಮಾತ್ರ ಯಾರು ಬೇಕಾದರೂ ಆಗಬಹುದು: ಗಂಡ ಮತ್ತು ಮಗ, ನಾನು ಮತ್ತು ಮಾವ, ಯಾರಿಗೆ ಆ ದಿನ ಪುರುಸೊತ್ತಿದೆಯೋ ಅವರು. ದೊಡ್ಡವರ ಪಾಸಿನಲ್ಲಿ ಮಗು ಕೂತರೆ ಯಾರ ತಕರಾರೂ ಇಲ್ಲ, ದುಡ್ಡು ಸ್ವಲ್ಪ ಹೆಚ್ಚು ಕೊಟ್ಟ ಹಾಗಾಗುತ್ತದೆ ಅಷ್ಟೆ. ಎಲ್ಲರೂ ಹೊರಟ ದಿನ ಉಳಿದ ಮೂರನ್ನು ಬಿಡಿ ಟಿಕೆಟ್ ಮಾಡುವುದು. ತೊಂದರೆ ಒಂದೇ, ಆ ಮೂರು ಪಕ್ಕದಲ್ಲಿ ಸಿಗುವುದಿಲ್ಲ. ಎರಡು ಸಾಲು ಕೆಳಗೋ, ಮೆಟ್ಟಿಲಿನ ಆಚೆಗೋ ಸಿಗುತ್ತವೆ. ಆಗ ‘ಕಾಕಾ, ಜರಾ ಸರಕತಾ ಕಾ’ (ಸ್ವಲ್ಪ ಸರಿಯುತ್ತೀರಾ) ಎಂದು ಮರಾಠಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಜಾಗ ಬಿಟ್ಟುಕೊಡುತ್ತಾರೆ. ಹೆಂಗಸು ಮಗುವನ್ನು ಎತ್ತಿಕೊಂಡು ಕೇಳಿದರೆ ಖಂಡಿತ ಬಿಡುತ್ತಾರೆ, ಈ ಕೆಲಸಕ್ಕೆ ಗಂಡನನ್ನು ಕಳಿಸಬೇಡಿ.

ಮೂರು ಮನೆ ಸೇರಿ ನಾಲ್ಕು ಪಾಸ್ ತೆಗೆದುಕೊಂಡ ವರ್ಷದಲ್ಲಿ ಸೀಟು ಖಾಲಿ ಬಿದ್ದದ್ದು ಎಲ್ಲಕ್ಕಿಂತ ಕಡಿಮೆ, ಮಾತು ಬೆಳೆದದ್ದು ಎಲ್ಲಕ್ಕಿಂತ ಹೆಚ್ಚು. ಕ್ರಮ ಸರಳವಾಗಿಯೇ ಇತ್ತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಪಂದ್ಯಕ್ಕೆ ಮೂರು ದಿನ ಮುಂಚೆ ಬೇಕಾದವರು ಹೆಸರು ಹಾಕುವುದು, ತಿಂಗಳ ಕೊನೆಗೆ ಕೂತಷ್ಟು ಸೀಟಿಗೆ ದುಡ್ಡು. ಹೈದರಾಬಾದೋ ಒಡಿಶಾವೋ ಬಂದರೆ ಗುಂಪಿನಲ್ಲಿ ಮೌನ. ಬೆಂಗಳೂರು ಎಫ್‌ಸಿ ಬಂದರೆ ಮಾತ್ರ ಎಲ್ಲಿದ್ದರೋ ಎಂಬಂತೆ ಎಲ್ಲರೂ ಹಾಜರ್. ‘ನಮ್ಮೂರ ಟೀಮು ಮಾರಾಯ್ರೆ, ನಮಗೆ ಎರಡಾದರೂ ಬೇಕು’ ಎಂದು ಅಷ್ಟೂ ತಿಂಗಳು ಒಂದು ಪಂದ್ಯಕ್ಕೂ ಬಾರದವರು ಕೇಳಿದರು. ‘ನಿಮ್ಮೂರು ಕಾರ್ಕಳ ಅಲ್ವಾ, ಬೆಂಗಳೂರು ಯಾವಾಗ ಆಯ್ತು?’ ಎಂದು ನನ್ನ ಗಂಡ ಬರೆದರು. ಆ ಮೇಲೆ ಎರಡು ದಿನ ಆ ಮನೆಯವರು ಲಿಫ್ಟಿನಲ್ಲಿ ಮಾತಾಡಲಿಲ್ಲ. ಬೇರೆ ತಂಡದ ಬಣ್ಣ ತೊಟ್ಟು ತವರಿನವರ ಸ್ಟ್ಯಾಂಡಿನಲ್ಲಿ ಕೂರಬಾರದು ಎಂಬ ಷರತ್ತನ್ನು ಎಷ್ಟೋ ಕ್ಲಬ್ಬುಗಳು ಹಾಕುತ್ತವೆ. ಇಲ್ಲಿ ಇವರದ್ದೂ ನೀಲಿ, ಅವರದ್ದೂ ನೀಲಿ. ಬೆಂಗಳೂರಿನ ಸುನಿಲ್ ಛೆಟ್ರಿ ಎರಡು ಸೀಸನ್ ಮುಂಬೈಗೂ ಆಡಿದವರಾದ್ದರಿಂದ ಅವರಿಗೆ ಚಪ್ಪಾಳೆ ತಟ್ಟಿದರೆ ಯಾರೂ ತಿರುಗಿ ನೋಡುವುದಿಲ್ಲ. ಹೀಗೆ ಸೇರಿ ಪಾಸ್ ಮಾಡುವುದಾದರೆ ದೊಡ್ಡ ಪಂದ್ಯಗಳ ಸರದಿಯನ್ನು ಸೀಸನ್ ಶುರುವಾಗುವ ಮೊದಲೇ ಚೀಟಿ ಎತ್ತಿ ಬರೆದಿಡಿ. ಲೆಕ್ಕ ಹಿಡಿಯುವವರು ಸ್ವಲ್ಪ ಕಲ್ಲು ಮನಸ್ಸಿನವರೇ ಆಗಿರಲಿ.

ಬಿಡಿ ಟಿಕೆಟ್ಟಿನ ದಾರಿಯನ್ನು ನಾನು ಕಲಿತದ್ದು ವಾಸ್ಕೋದಲ್ಲಿರುವ ಅಕ್ಕನ ಮನೆಯಿಂದ. ಭಾವ ಎಫ್‌ಸಿ ಗೋವಾದ ಪಕ್ಷ. 2019ರ ಮಾರ್ಚ್ 17ರಂದು ಅಂಧೇರಿಯಲ್ಲೇ ನಡೆದ ಫೈನಲ್‌ನಲ್ಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲಿನಿಂದ ಬೆಂಗಳೂರು ಗೆದ್ದದ್ದನ್ನು ಅವರ ಮುಂದೆ ಇವತ್ತಿಗೂ ಎತ್ತುವಂತಿಲ್ಲ. ಗೋವಾ ತಂಡದ ತವರು ಮೈದಾನವಾದ ಫಾತೋರ್ಡಾದಲ್ಲಿ 19,000ದಷ್ಟು ಜನಕ್ಕೆ ಜಾಗವಿದೆ. ಅಲ್ಲಿ ಸಾಧಾರಣ ಪಂದ್ಯಕ್ಕೆ ಅದೇ ವಾರ ಮನಸ್ಸು ಮಾಡಿದರೂ ಐದು ಸೀಟು ಒಟ್ಟಿಗೆ ಸಿಗುತ್ತದೆ. ಹಾಗಾಗಿ ಭಾವ ಪಾಸಿನ ಗೋಜಿಗೇ ಹೋಗುವುದಿಲ್ಲ. ಅಂಧೇರಿಯ ಮೈದಾನ ಅದರ ಅರ್ಧವೂ ಇಲ್ಲ, ದೊಡ್ಡ ಪಂದ್ಯಕ್ಕೆ ಇಲ್ಲಿ ಹಾಗೆ ನಂಬಿ ಕೂರಲಾಗುವುದಿಲ್ಲ. ಪುಣೆಯಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಈ ಚಿಂತೆಯೇ ಇಲ್ಲ. ಪುಣೆ ಸಿಟಿ ತಂಡ 2019ರಲ್ಲಿ ಮುಚ್ಚಿ ಅದರ ಜಾಗಕ್ಕೆ ಹೈದರಾಬಾದ್ ಬಂತು. ಪುಣೆ ತಂಡ ಆಡುತ್ತಿದ್ದ ಬಾಲೆವಾಡಿ ಸ್ಟೇಡಿಯಂನಲ್ಲಿ ಓಟದ ಟ್ರ್ಯಾಕ್ ಸುತ್ತ ಇರುವುದರಿಂದ ಆಟಗಾರರು ಅಷ್ಟು ದೂರ ಕಾಣುತ್ತಾರೆ, ಮಕ್ಕಳಿಗೆ ಬೇಜಾರು.

ಪಾಸ್ ಇದ್ದರೆ ಎಲ್ಲ ಪಂದ್ಯವೂ ನಮ್ಮದೇ ಎಂದುಕೊಳ್ಳುವವರಿಗೆ ಒಂದು ಮಾತು. ಫೈನಲ್ ಲೀಗಿನವರದ್ದು, ಲೀಗ್ ಹಂತದ ಮೇಲಿನ ಪ್ಲೇಆಫ್ ಪಾಸಿನೊಳಗೆ ಬರುತ್ತದೋ ಇಲ್ಲವೋ ಓದಿ ನೋಡಬೇಕು, ಏಷ್ಯಾದ ಪಂದ್ಯಗಳ ಕಥೆಯೇ ಬೇರೆ. 2023ರಲ್ಲಿ ಮುಂಬೈ ಸಿಟಿಯ ಎಎಫ್‌ಸಿ ಚಾಂಪಿಯನ್ಸ್ ಲೀಗಿನ (ಏಷ್ಯಾದ ಕ್ಲಬ್ಬುಗಳ ಪಂದ್ಯಾವಳಿ) ಮೊದಲ ತವರು ಪಂದ್ಯ ನಡೆದದ್ದು ಬಾಲೆವಾಡಿಯಲ್ಲಿ. ಸೌದಿಯ ಅಲ್ ಹಿಲಾಲ್ ವಿರುದ್ಧದ ಪಂದ್ಯ ನವೆಂಬರ್ 6ಕ್ಕೆ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ. ಆ ತಂಡದ ನೇಯ್ಮಾರ್ ಬರುತ್ತಾರೆಂದು ಊರಿಗೆ ಊರೇ ಕುಣಿಯಿತು. ಅಕ್ಟೋಬರಿನಲ್ಲಿ ಉರುಗ್ವೆ ವಿರುದ್ಧ ಬ್ರೆಜಿಲ್‌ಗೆ ಆಡುವಾಗ ಅವರ ಮೊಣಕಾಲು ಹೋಯಿತು. ಎರಡು ವರ್ಷದ ಮೇಲೆ ಗೋವಾದಲ್ಲೂ ಅದೇ ಆಯಿತು. 2025ರ ಅಕ್ಟೋಬರ್ 22ಕ್ಕೆ ಸೌದಿಯ ಅಲ್ ನಸ್ರ್ ಫಾತೋರ್ಡಾಕ್ಕೆ ಬಂತು, ಆ ತಂಡದ ರೊನಾಲ್ಡೊ ಬರಲಿಲ್ಲ. ಗೋವಾ 1–2ರಿಂದ ಸೋತರೂ ಚೆನ್ನಾಗಿ ಆಡಿತು ಎಂದು ಭಾವ ಹೇಳುತ್ತಾರೆ, ಭಾವನ ಮಗ ಮಾತ್ರ ಹಾಗೆ ಹೇಳುವುದಿಲ್ಲ. ಆಟಗಾರನ ಹೆಸರು ನೋಡಿ ಟಿಕೆಟ್ ಮಾಡುವವರಿಗೆ ವಾಪಸ್ ದುಡ್ಡಿನ ಯಾವ ನಿಯಮವೂ ನೆರವಿಗೆ ಬರುವುದಿಲ್ಲ.

ಇನ್ನು ಉಳಿದ ಸೀಟನ್ನು ಏನು ಮಾಡುವುದು? ಹೊರದೇಶದ ಕ್ಲಬ್ಬುಗಳು ಇದನ್ನು ಬಗೆಹರಿಸಿಕೊಂಡ ರೀತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕಾಯ್ದೆಯಂತೆ ಅಪರಾಧ. ಅದರ ಬದಲಿಗೆ ಹಲವು ಕ್ಲಬ್ಬುಗಳು ತಮ್ಮದೇ ವಿನಿಮಯ ವ್ಯವಸ್ಥೆ ಇಟ್ಟಿವೆ. ಸೀಟು ಬಿಟ್ಟುಕೊಟ್ಟು, ಅದು ಮಾರಾಟವಾದರೆ ಪಾಸಿನ ಬೆಲೆಯಲ್ಲಿ ಆ ಪಂದ್ಯದ ಪಾಲು ಖಾತೆಗೆ ಬರುತ್ತದೆ. ಬಾರ್ಸಿಲೋನಾದಲ್ಲಿ ಸದಸ್ಯರು ಬಿಟ್ಟುಕೊಟ್ಟ ಸೀಟನ್ನು ಕ್ಲಬ್ಬೇ ಮಾರಿ ಬಂದದ್ದರಲ್ಲಿ ಪಾಲು ಕೊಡುವ ಪದ್ಧತಿ ಬೆಳೆಯಿತು. ಕೆಲವು ಕ್ಲಬ್ಬುಗಳು ಇನ್ನೂ ಬಿಗಿ. ಇಂತಿಷ್ಟು ಪಂದ್ಯಕ್ಕಾದರೂ ಸೀಟು ತುಂಬಿಸದವರಿಗೆ ಮುಂದಿನ ವರ್ಷ ಪಾಸಿಲ್ಲ. ಸಾಲುಗಟ್ಟಿ ಕಾಯುವವರು ಇರುವ ಕಡೆ ಅದು ಸರಿ. ನಮ್ಮಲ್ಲಿ ಅಂಥ ನಿಯಮ ತಂದರೆ ಮಕ್ಕಳ ಪರೀಕ್ಷೆ ಇರುವ ಮನೆಗಳು ಪಾಸನ್ನೇ ಬಿಟ್ಟುಬಿಡುತ್ತವೆ.

ಯುರೋಪಿನವರೆಗೆ ಹೋಗುವುದೂ ಬೇಡ. ನಮ್ಮ ರೈಲ್ವೆಯಲ್ಲೇ, ಖಚಿತವಾದ ಟಿಕೆಟ್ಟನ್ನು ಹೊರಡುವ 24 ಗಂಟೆ ಮೊದಲು ಅರ್ಜಿ ಕೊಟ್ಟರೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಗಂಡ ಅಥವಾ ಹೆಂಡತಿಯ ಹೆಸರಿಗೆ ಬದಲಾಯಿಸಿಕೊಡುತ್ತಾರೆ. ಫುಟ್‌ಬಾಲ್ ಪಾಸಿಗೆ ಇಷ್ಟಿದ್ದರೆ ಸಾಕು. ಮಾವ, ಭಾವ, ಸೊಸೆ ಆ ಪಟ್ಟಿಯಲ್ಲಿಲ್ಲ ಎಂದು ನಮ್ಮ ಮಾವನೇ ಗಮನಿಸಿ ಹೇಳಿದರು, ಅದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ನಾವು ಮಾಡುವುದು ಇಷ್ಟು: ಮನೆಯಲ್ಲಿ ಯಾರಿಗೂ ಬೇಡವಾದ ಸೀಟನ್ನು ಪಂದ್ಯದ ಹಿಂದಿನ ರಾತ್ರಿಯೊಳಗೆ ಬಿಲ್ಡಿಂಗಿನ ಹುಡುಗರಿಗೆ ಸುಮ್ಮನೆ ಕೊಡುತ್ತೇವೆ, ದುಡ್ಡು ಮುಟ್ಟುವುದಿಲ್ಲ. ಮಾರಲು ಹೋದರೆ ಪಾಸೇ ರದ್ದಾಗುವ ಷರತ್ತು ಹಲವು ಕಡೆ ಇರುತ್ತದೆ, ಜೊತೆಗೆ ಒಂದೇ ಕೋಡಿನ ಸ್ಕ್ರೀನ್‌ಶಾಟ್ ಇಬ್ಬರ ಕೈಗೆ ಹೋದರೆ ಮೊದಲು ಬಂದವನು ಒಳಗೆ, ಎರಡನೆಯವನು ಗೇಟಿನಲ್ಲಿ ಜಗಳ. ಕೊಟ್ಟ ಮೇಲೆ ನನ್ನ ಫೋನಿನಿಂದ ಆ ಕೋಡನ್ನು ಅಳಿಸಿಬಿಡುತ್ತೇನೆ.

2025ರ ಜುಲೈಯಲ್ಲಿ ಐಎಸ್‌ಎಲ್ ಸಂಘಟಕರು ಹೊಸ ಸೀಸನ್ನನ್ನೇ ತಡೆಹಿಡಿದ ಮೇಲೆ ನನ್ನ ಗಂಡ ಪಾಸಿನ ಮಾತೆತ್ತಿದರೆ ನಾನು ಮೊದಲು ಕೇಳುವುದು, ಪಂದ್ಯ ನಡೆಯದಿದ್ದರೆ ದುಡ್ಡು ವಾಪಸ್ ಬರುತ್ತದಾ ಎಂದು. ಅದಕ್ಕೆ ಬರಹದಲ್ಲಿ ಉತ್ತರ ಇದ್ದರೆ ದೊಡ್ಡವರ ಎರಡು ಪಾಸ್, ಇಲ್ಲದಿದ್ದರೆ ಬಿಡಿ ಟಿಕೆಟ್. ಮಗನಿಗೆ ಮೂರನೆಯದು ಬೇಕಂತೆ. ಅವನ ಅಜ್ಜ ಕೊಡಿಸುತ್ತಾರಾದರೆ ನನ್ನ ಅಡ್ಡಿಯಿಲ್ಲ.