ಹಳೇ ಜಾವಾ ಕೋಡಿಗೆ ಜೆಕ್ಯೂಅಸಿಸ್ಟೆಂಟ್

ನಮ್ಮ ಟೀಮಿನದು ಹೊಸದು ಕಟ್ಟೋ ಕೆಲಸ ಅಲ್ಲ, ಸಪೋರ್ಟು. ವ್ಯಾಟ್ ಕಾಲದ ಬಿಲ್ಲಿಂಗ್ ಅಪ್ಲಿಕೇಶನ್ನು, 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ತೇಪೆ ಹಾಕಿ ಓಡಿಸಿದ್ದು. ಟಿಕೆಟ್ ಬಂದಾಗಲೆಲ್ಲ ಒಂದೇ ಪ್ರಶ್ನೆ: ಇದನ್ನ ಮುಟ್ಟಿದ್ರೆ ಇನ್ನೇನು ಕೆಡುತ್ತೆ? ಉತ್ತರ ಗೊತ್ತಿದ್ದ ಸೀನಿಯರ್ ನೋಟಿಸ್ ಪೀರಿಯಡ್‌ನಲ್ಲಿದ್ದಾಗ ಜೆಕ್ಯೂಅಸಿಸ್ಟೆಂಟ್ ಅನ್ನೋ ಈ ಟೂಲ್ ಹಾಕಿಕೊಂಡೆವು, ಕೋಡಿನ ಯಾವ ಭಾಗ ಯಾವುದಕ್ಕೆ ಅಂಟಿಕೊಂಡಿದೆ ಅಂತ ಹುಡುಕಿ ತೋರಿಸೋದು ಇದರ ಕೆಲಸ.

ಓಪನ್ ಸೋರ್ಸ್, ದುಡ್ಡಿಲ್ಲ. ಮೇವನ್ (ಜಾವಾ ಪ್ರಾಜೆಕ್ಟ್ ಬಿಲ್ಡ್ ಮಾಡೋ ಟೂಲು) ಪ್ಲಗಿನ್ ಆಗಿ ಸೇರಿಸಿದರೆ, ಜಾವಾ ಕೋಡು ಕಂಪೈಲಾದ ಮೇಲೆ ಸಿಗೋ ಬೈಟ್‌ಕೋಡ್ ಓದಿ, ಯಾವ ಕ್ಲಾಸಿಗೆ ಯಾವುದು ಬೇಕು, ಯಾವ ಮೆಥಡ್ ಯಾವುದನ್ನ ಕರೆಯುತ್ತೆ ಅನ್ನೋದನ್ನೆಲ್ಲ ನಿಯೋಫೋರ್‌ಜೆ ಅನ್ನೋ ಗ್ರಾಫ್ ಡೇಟಾಬೇಸಿಗೆ (ವಸ್ತುಗಳನ್ನೂ ಅವುಗಳ ನಡುವಿನ ಕೊಂಡಿಗಳನ್ನೂ ಇಡೋದು) ತುಂಬುತ್ತೆ. ಬ್ರೌಸರಿನಲ್ಲಿ 7474 ಪೋರ್ಟ್ ತೆರೆದು ಸೈಫರ್ ಅನ್ನೋ ಅದರ ಭಾಷೆಯಲ್ಲಿ ಕ್ವೆರಿ ಹೊಡೆಯಬಹುದು.

ಗ್ರಾಫಿನ ಚಿತ್ರಕ್ಕೆ ಮರುಳಾಗಬೇಡಿ. ದೊಡ್ಡ ಕೋಡ್‌ಬೇಸಿನದಾದರೆ ಬರೀ ಜೇಡರ ಬಲೆ. ಮ್ಯಾನೇಜರಿಗೆ ತೋರಿಸೋಕೆ ಅಡ್ಡಿಯಿಲ್ಲ. ಅಸಲಿ ಮಾಲು ಇರೋದು ಕಾನ್ಸೆಪ್ಟ್ (ಗ್ರಾಫಿಗೆ ನಮ್ಮ ಅರ್ಥ ಸೇರಿಸೋ ನಿಯಮ), ಕನ್‌ಸ್ಟ್ರೇಂಟ್ (ಕೋಡು ಮುರಿಯಬಾರದ ನಿಯಮ) ಎಂಬ ಎರಡರಲ್ಲಿ. "ಹೆಸರಲ್ಲಿ ವ್ಯಾಟ್ ಅಂತಿದ್ರೂ ಇವತ್ತು ಜಿಎಸ್‌ಟಿ ಲೆಕ್ಕ ಹಾಕೋದು ಅದೇ ಕ್ಲಾಸು ಕಣ್ರೀ" ಅಂದಿದ್ದರು ಸೀನಿಯರ್. ಅದನ್ನ ಕಾನ್ಸೆಪ್ಟ್ ಮಾಡಿ, ಅಂಥ ಕ್ಲಾಸುಗಳಿಗೆಲ್ಲ ಗ್ರಾಫಿನಲ್ಲಿ 'ತೆರಿಗೆ' ಅಂತ ಲೇಬಲ್ ಅಂಟಿಸಿದೆವು. ಸ್ಕ್ರೀನಿನ ಕೋಡು ತೆರಿಗೆ ಕ್ಲಾಸನ್ನ ನೇರವಾಗಿ ಕರೆಯಬಾರದು ಅನ್ನೋದು ಕನ್‌ಸ್ಟ್ರೇಂಟ್. ಇದನ್ನ ಮುರಿದ ಜಾಗ ಹುಡುಕೋ ಕ್ವೆರಿಗೆ ಒಂದು ಸಾಲು ಸಿಕ್ಕರೂ ಬಿಲ್ಡ್ ಫೇಲ್. ನಿಯಮಗಳನ್ನ ಆಸ್ಕಿಡಾಕ್ (ಸರಳ ಪಠ್ಯದ ದಾಖಲೆ) ಫೈಲಿನಲ್ಲೇ ಬರೆಯಬಹುದಾದ್ದರಿಂದ, ಯಾಕೆ ಹೀಗೆ ಅನ್ನೋ ವಿವರಣೆಯೂ ಕ್ವೆರಿಯ ಪಕ್ಕದಲ್ಲೇ ಇರುತ್ತೆ, ಕೋಡಿನ ಜೊತೆ ಗಿಟ್‌ಗೆ ಹೋಗುತ್ತೆ. ವಿಕಿ ಪುಟ ಹಳಸಿದರೆ ಕೇಳೋರಿಲ್ಲ. ಇಲ್ಲಿ ಬಿಲ್ಡ್ ಓಡಿಸೋ ಸರ್ವರ್ ಜೆಂಕಿನ್ಸೇ ಕೆಂಪಾಗಿ ಕೂಗುತ್ತೆ.

ಕೊರತೆಗಳೂ ಇವೆ. ರಿಫ್ಲೆಕ್ಷನ್ನಿನಲ್ಲಿ (ಪ್ರೋಗ್ರಾಂ ಓಡುವಾಗಲೇ ಕ್ಲಾಸನ್ನ ಹುಡುಕೋ ವಿಧಾನ) ಕ್ಲಾಸಿನ ಹೆಸರನ್ನ ಸ್ಟ್ರಿಂಗ್ ಆಗಿ ಕೊಟ್ಟು ಕರೆದಿದ್ದರೆ ಆ ಕೊಂಡಿ ಗ್ರಾಫಿನಲ್ಲಿ ಇರೋದೇ ಇಲ್ಲ. ಇನ್ನೊಂದು ಸ್ವಲ್ಪ ಕಿತಾಪತಿ: ಸ್ಟ್ಯಾಟಿಕ್ ಫೈನಲ್ (ಬದಲಾಗದ ಕಾನ್‌ಸ್ಟೆಂಟ್) ಅಂತ ಬರೆದ ಸಂಖ್ಯೆಯನ್ನೋ ಸ್ಟ್ರಿಂಗನ್ನೋ ಜಾವಾ ಕಂಪೈಲರ್ ಬಳಸಿದ ಜಾಗಕ್ಕೇ ನೇರವಾಗಿ ಸುರಿದುಬಿಡುತ್ತೆ, ಬೈಟ್‌ಕೋಡಿನಲ್ಲಿ ಮೂಲ ಕ್ಲಾಸಿನ ಸುಳಿವೇ ಉಳಿಯಲ್ಲ. ಹಾಗಾಗಿ ತೆರಿಗೆ ದರದ ಆ ಕಾನ್‌ಸ್ಟೆಂಟನ್ನ ಯಾರು ಬಳಸ್ತಿದ್ದಾರೆ ಅಂತ ಕೇಳಿದರೆ "ಯಾರೂ ಇಲ್ಲ" ಅನ್ನೋ ಉತ್ತರ ಬರುತ್ತೆ. ತಪ್ಪು ಟೂಲಿನದಲ್ಲ, ಆದರೆ ನಂಬಿದವರ ಗತಿ? ದರ ಬದಲಾದಾಗ ನಾವು ಈಗಲೂ ಗ್ರೆಪ್ (ಫೈಲುಗಳಲ್ಲಿ ಪದ ಹುಡುಕೋ ಕಮಾಂಡು) ಹೊಡೆಯೋದೇ.

ಸಣ್ಣ ಪ್ರಾಜೆಕ್ಟಿಗೆ ಇದು ಬೇಡ, ಐಡಿಇಯ (ಕೋಡ್ ಬರೆಯೋ ಸಾಫ್ಟ್‌ವೇರ್) ಫೈಂಡ್ ಯೂಸೇಜಸ್ ಸಾಕು. ಸೈಫರ್ ಕಲಿಯೋ ತಾಳ್ಮೆ ಟೀಮಿನಲ್ಲಿ ಒಬ್ಬರಿಗಾದರೂ ಇರಬೇಕು. ಐದಕ್ಕೆ ನಾಲ್ಕು ಸ್ಟಾರ್.