ಕಾರಿಗೆ ಇನ್ನೊಂದು ಕೀ ಮಾಡ್ಸೋದು: ಶೋರೂಂ, ಮೈಸೂರಿನ ಕೀ ಅಂಗಡಿ, ಆನ್‌ಲೈನ್, ಮೂರೂ ನೋಡಿ ಬರೆದಿದ್ದು

ನಾವು ಸುಂಟಿಕೊಪ್ಪ ಕಡೆಯವರು. ನನ್ನ ಕಾರು, ಗೋಣಿಕೊಪ್ಪದ ಭಾವನ ಕಾರು, ಅಪ್ಪನ ಹಳೇ ಗಾಡಿ, ಮೂರಕ್ಕೂ ಬೇರೆ ಬೇರೆ ದಾರೀಲಿ ಕೀ ಮಾಡ್ಸಿದ್ದಾಯ್ತು. ಕೊಡಗಲ್ಲಿ ಇರೋರು ಬರೀ ರೇಟ್ ನೋಡಿದ್ರೆ ಸಾಲಲ್ಲ, ದೂರಾನೂ ಲೆಕ್ಕಕ್ಕೆ ತಗೋಬೇಕು, ಯಾಕಂದ್ರೆ ಪ್ರೋಗ್ರಾಂ ಮಾಡೋಕೆ, ಅಂದ್ರೆ ಹೊಸ ಕೀನ ಗಾಡಿಗೆ ಪರಿಚಯ ಮಾಡ್ಸೋಕೆ, ಕೀ ಒಂದೇ ಕಳಿಸಿದ್ರೆ ಆಗಲ್ಲ, ಗಾಡೀನೇ ಅಲ್ಲಿರಬೇಕು.

ಈಗಿನ ಕೀ ತಲೆಯೊಳಗೆ ಒಂದು ಸಣ್ಣ ಚಿಪ್ ಇರುತ್ತೆ, ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತ ಇರೋ ಕಾಯಿಲ್‌ನಿಂದಾನೇ ಕರೆಂಟ್ ತಗೊಂಡು ತನ್ನ ಕೋಡ್ ಹೇಳುತ್ತೆ, ಇಮ್ಮೊಬಿಲೈಸರ್ (ಕಳ್ಳತನ ತಡೆಯೋಕೆ ಗಾಡೀಲಿರೋ ಸಾಧನ) ಒಪ್ಪಿದ್ರೆ ಮಾತ್ರ ಇಂಜಿನ್ ಸ್ಟಾರ್ಟ್. ರಿಮೋಟ್ ಬಟನ್ ಬೇರೆ ಕೆಲಸ, ಅದಕ್ಕೆ ಮಾತ್ರ ಆ ಬಟನ್ ಸೆಲ್ ಬೇಕು. ಅದಕ್ಕೇ ರಿಮೋಟ್ ಸೆಲ್ ಸತ್ತ್ರೂ ಕೀ ತಿರುಗಿಸಿ ಗಾಡಿ ಓಡಿಸ್ಬಹುದು, ಆದ್ರೆ ಚಿಪ್ ಇಲ್ದೆ ಬರೀ ಕೀ ಕಟ್ ಮಾಡ್ಸಿದ್ರೆ ಬಾಗಿಲು ತೆಗೆಯುತ್ತೆ ಅಷ್ಟೇ, ಗಾಡಿ ಹೊರಡಲ್ಲ.

ಮೊದ್ಲು ಶೋರೂಂ. ನನ್ನದು ಸೆಕೆಂಡ್ ಹ್ಯಾಂಡ್ ತಗೊಂಡ ಕಾರು, ಒಂದೇ ಕೀ ಬಂದಿತ್ತು. ಆರ್‌ಸಿ, ಆಧಾರ್ ಕಾಪಿ, ಅಡ್ವಾನ್ಸ್ ಎಲ್ಲಾ ತಗೊಂಡು ಚಾಸಿಸ್ ನಂಬರ್ ಮೇಲೆ ಆರ್ಡರ್ ಹಾಕಿದ್ರು, ಬಂದ್ಮೇಲೆ ಫೋನ್ ಮಾಡ್ತೀವಿ ಅಂದ್ರು. ಫೋನ್ ಬರ್ಲಿಲ್ಲ, ನಾನೇ ಮಾಡಿ ಮಾಡಿ ಕೇಳ್ಬೇಕಾಯ್ತು, ಆಮೇಲೆ ಕೀ ಬಂದ್ರೂ ಪ್ರೋಗ್ರಾಂ ಮಾಡೋ ಹುಡುಗ ರಜೆ ಅಂತ ಇನ್ನೊಂದ್ಸಲ ಓಡಾಟ. ಸುಮಾರು ಹತ್ತು ಸಾವಿರದ ಹತ್ರ ಬಿಲ್ ಆಯ್ತು. ಆದ್ರೆ ಕೀ ಬಗ್ಗೆ ಒಂದು ಮಾತಿಲ್ಲ, ಒರಿಜಿನಲ್ ಒರಿಜಿನಲ್ಲೇ, ಬಟನ್ ಒತ್ತಿದ್ರೆ ಕಣದ ಆ ಕಡೆಯಿಂದ್ಲೂ ಲಾಕ್ ಆಗುತ್ತೆ. ಹೋಗೋವಾಗ ಮನೇಲಿರೋ ಎಲ್ಲಾ ಕೀನೂ ತಗೊಂಡು ಹೋಗಿ, ಕೆಲವು ಗಾಡೀಲಿ ಹೊಸ್ದು ಸೇರಿಸೋವಾಗ ಎದುರಿಗಿಲ್ಲದ ಹಳೇ ಕೀ ಗಾಡಿಯ ಮೆಮೊರಿಯಿಂದ ಅಳಿಸಿ ಹೋಗುತ್ತೆ.

ಭಾವನದ್ದು ಮೈಸೂರಿನ ಕೀ ಅಂಗಡೀಲಿ. ತಿತಿಮತಿ, ಹುಣಸೂರು ದಾಟಿ ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ಊಟ ಮಾಡಿ ವಾಪಸ್. ನಾನೂ ಜೊತೇಲಿದ್ದೆ, ನಿಂತು ಪೂರ್ತಿ ನೋಡ್ದೆ. ಹಳೇ ಕೀನ ಮಿಷನ್‌ಗೆ ಕಚ್ಚಿಸಿ ಪಕ್ಕದಲ್ಲಿ ಹೊಸ್ದು ಇಟ್ಟು ಆ ಹಾವಿನ ಥರ ಹರಿಯೋ ಗೆರೆ ಕೊರೆದ್ರು, ಸ್ಟೀರಿಂಗ್ ಕೆಳಗೆ ಗಾಡಿ ಕಂಪ್ಯೂಟರ್ ಜೊತೆ ಮಾತಾಡೋಕೆ ಇರೋ ಒಬಿಡಿ ಪೋರ್ಟ್‌ಗೆ ಟೂಲ್ ಚುಚ್ಚೋಕೆ ಮುಂಚೆ ಗಾಡಿ ಬ್ಯಾಟರಿ ವೋಲ್ಟೇಜ್ ನೋಡಿದ್ರು, ಮಧ್ಯದಲ್ಲಿ ಬ್ಯಾಟರಿ ಡೌನ್ ಆದ್ರೆ ಇಮ್ಮೊಬಿಲೈಸರ್ ಅರ್ಧಕ್ಕೇ ನಿಂತು ದೊಡ್ಡ ತಲೆನೋವು ಅಂತೆ. ಮುಗಿದ್ಮೇಲೆ ಆ ಅಣ್ಣ ಹೇಳಿದ ಒಂದು ಮಾತು ನಂಗೆ ತುಂಬಾ ಇಷ್ಟ ಆಯ್ತು: "ಹಳೇ ಕೀನ ಆ ಮೇಜಿನ ಮೇಲೆ ಇಟ್ಟು ಬನ್ನಿ ಸಾರ್, ಒಂದೇ ಗೊಂಚಲಲ್ಲಿದ್ರೆ ಗಾಡಿ ಯಾವ ಚಿಪ್ ಓದಿ ಸ್ಟಾರ್ಟ್ ಆಯ್ತು ಅಂತ ಗೊತ್ತಾಗಲ್ಲ." ಹೊಸ್ದು ಒಂದೇ ಹಾಕಿ ತಿರುಗಿಸಿದ್ರು, ಮೀಟರ್‌ನಲ್ಲಿ ಕೀ ಚಿತ್ರದ ಲೈಟ್ ಬಂದು ಆರಿತು, ಸ್ಟಾರ್ಟ್. ಮೂರೂವರೆ ಸಾವಿರ, ಒಂದು ಗಂಟೆ ಒಳಗೆ. ಬಟನ್ ಮಾತ್ರ ಸ್ವಲ್ಪ ಗಟ್ಟಿ, ಪ್ಲಾಸ್ಟಿಕ್ ಕ್ವಾಲಿಟೀಲೂ ಒರಿಜಿನಲ್‌ಗೆ ಸಮ ಇಲ್ಲ.

ಅಂಗಡೀಲಿ ಒಂದು ವಿಷ್ಯ ಕೇಳ್ಲೇಬೇಕು, ಕ್ಲೋನ್ ಮಾಡ್ತೀರಾ, ಗಾಡಿಗೆ ಹೊಸ ಕೀ ಅಂತ ಸೇರಿಸ್ತೀರಾ ಅಂತ. ಕ್ಲೋನ್ ಅಂದ್ರೆ ಹಳೇ ಚಿಪ್‌ನ ಕೋಡ್‌ನೇ ಕಾಪಿ ಮಾಡೋದು, ಗಾಡಿಗೆ ಎರಡೂ ಒಂದೇ. ಅಗ್ಗ, ಬೇಗ ಆಗುತ್ತೆ, ಆದ್ರೆ ನಾಳೆ ಒಂದು ಕಳೆದ್ರೆ ಅದನ್ನ ಮಾತ್ರ ಅಳಿಸೋಕೆ ಆಗಲ್ಲ, ಅಳಿಸಿದ್ರೆ ಕೈಯಲ್ಲಿರೋದೂ ಹೋಗುತ್ತೆ. ಭಾವನಿಗೆ ನಾನೇ ಹಠ ಹಿಡಿದು ಹೊಸ್ದಾಗಿ ಸೇರಿಸಿಸಿದ್ದು.

ಅಪ್ಪನ ಗಾಡೀದು ಆನ್‌ಲೈನ್. ಮಳೆಗಾಲದಲ್ಲಿ ಜೇಬಲ್ಲೇ ನೆಂದು ನೆಂದು ರಿಮೋಟ್ ಶೆಲ್ (ಮೇಲಿನ ಪ್ಲಾಸ್ಟಿಕ್ ಕವಚ) ಒಡೆದು ರಬ್ಬರ್ ಕಿತ್ತುಹೋಗಿತ್ತು. ಬರೀ ಶೆಲ್ ಬೇಕಿದ್ರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ, ಕೆಲವು ನೂರು ರೂಪಾಯಿ, ಒಳಗಿನ ಬೋರ್ಡು, ಚಿಪ್ ಎತ್ತಿ ಹೊಸದಕ್ಕೆ ಕೂರಿಸಿದ್ರಾಯ್ತು. ಬಿಚ್ಚೋವಾಗ ಬಿಳಿ ಬಟ್ಟೆ ಹಾಸ್ಕೊಳಿ, ಆ ಚಿಪ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಕೆಲವು ಕೀಗಳಲ್ಲಿ ಬೋರ್ಡ್‌ಗೆ ಅಂಟದೆ ಬೇರೆಯಾಗೇ ಇರುತ್ತೆ. ಪೂರ್ತಿ ರಿಮೋಟ್ ತರಿಸೋದಾದ್ರೆ ಫ್ರೀಕ್ವೆನ್ಸಿ ನೋಡಿ, ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್, ಅಮೆರಿಕದ ಗಾಡಿಗಳ 315ರದ್ದು ನೋಡೋಕೆ ಹಾಗೇ ಇದ್ರೂ ಕೆಲಸಕ್ಕೆ ಬರಲ್ಲ. ಬ್ಲೇಡ್ (ಬೀಗಕ್ಕೆ ಹೋಗೋ ಲೋಹದ ಭಾಗ) ಹಲ್ಲಿನ ಥರದ್ದಾದ್ರೆ ಸಾದಾ ಮಿಷನ್‌ನಲ್ಲೇ ಕಟ್ ಆಗುತ್ತೆ, ಕುಶಾಲನಗರದಲ್ಲೇ ಮಾಡಿಕೊಟ್ರು.

ಹಾಗಾಗಿ ಒಂದು ಕೀ ಕೈಯಲ್ಲಿದ್ರೆ ನಾನು ಮೈಸೂರಿನ ಅಂಗಡೀಗೇ ಹೋಗೋದು. ಎಲ್ಲಾ ಕೀನೂ ಕಳೆದ್ರೆ ಕಥೆ ಬೇರೆ, ಗಾಡಿ ಎತ್ತಿಸ್ಕೊಂಡು ಹೋಗ್ಬೇಕು, ಇಮ್ಮೊಬಿಲೈಸರ್‌ನ ಸೆಕ್ಯೂರಿಟಿ ಕೋಡ್ ಬೇಕು, ಆಷಾಢದ ಮಳೇಲಿ ತೋಟದ ರಸ್ತೆಗೆ ಟೋಯಿಂಗ್ ಗಾಡಿ ಕರೆಸೋ ಖರ್ಚಲ್ಲೇ ಒಂದು ಕೀ ಬರುತ್ತೆ. ಆಗ ಶೋರೂಂ ವಾಸಿ, ಬಟನ್ ಸ್ಟಾರ್ಟ್ ಗಾಡಿಗೂ ನಾನು ಶೋರೂಂ ಅಂತಾನೇ ಹೇಳ್ತೀನಿ. ಕಳೆದಿದ್ರೆ ಪೊಲೀಸ್ ಕಂಪ್ಲೇಂಟ್ ಕಾಪಿ ತಗೊಳಿ, ಪಾಲಿಸೀಲಿ ಕೀ ರಿಪ್ಲೇಸ್‌ಮೆಂಟ್ ಕವರ್ ಇದ್ರೆ ದುಡ್ಡು ವಾಪಸ್ ಕೇಳ್ಬಹುದು. ಬಿಲ್ಲನ್ನೂ ಎಸೀಬೇಡಿ, ಗಾಡಿ ಕಳ್ಳತನ ಆದ್ರೆ ಇನ್ಶೂರೆನ್ಸ್‌ನೋರು ಎಲ್ಲಾ ಕೀ ತಂದಿಡಿ ಅಂತಾರೆ, ಆಗ ಎರಡನೇ ಕೀ ಎಲ್ಲಿ ಮಾಡ್ಸಿದ್ದು ಅಂತ ತೋರ್ಸೋಕೆ ಅದೇ ಬೇಕಾಗೋದು.